ಟಿವಿ ಮುಂದೆ ಕೂತು ಕೊಟ್ಟ ಅಂಕ, ಕೈಯಲ್ಲಿ ಹಿಡಿದು ಆಡುವವರಿಗೆ ಯಾಕೆ?

ನಿಧಾನ_ಗೇಮರ್
ಬಹಳ ದಿನದಿಂದ ಒಂದು ಪ್ರಶ್ನೆ ತಲೆ ತಿನ್ನುತ್ತಿದೆ, ಇಲ್ಲಿ ಹಾಕುತ್ತಿದ್ದೇನೆ. ನಾನು ಆಡುವುದೆಲ್ಲ ನಿಂಟೆಂಡೊ ಸ್ವಿಚ್‌ನಲ್ಲಿ (ಕೈಯಲ್ಲಿ ಹಿಡಿದೂ ಆಡಬಹುದು, ಟಿವಿಗೆ ಜೋಡಿಸಿಯೂ ಆಡಬಹುದು), ಅದೂ ಕೈಯಲ್ಲಿ ಹಿಡಿದುಕೊಂಡು. ಟಿವಿಗೆ ಜೋಡಿಸುವ ಡಾಕ್ ಇನ್ನೂ ಡಬ್ಬದಲ್ಲೇ ಇದೆ. ಈಚೆಗೆ ಒಂದು ದೊಡ್ಡ ಆರ್‌ಪಿಜಿ (ಒಂದು ಪಾತ್ರವಾಗಿ ಕಥೆಯೊಳಗೆ ಆಡುವ ಗೇಮ್) ತೆಗೆದುಕೊಂಡೆ. ಹೆಸರು ಬೇಡ, ಹೇಳಿದರೆ ಅದರ ಅಭಿಮಾನಿಗಳು ಬಂದು ಚರ್ಚೆಯನ್ನು ಅಲ್ಲೇ ಮುಗಿಸುತ್ತಾರೆ. ನೋಡಿದ ಕಡೆಯೆಲ್ಲ ಅದಕ್ಕೆ ಒಂಬತ್ತು, ಒಂಬತ್ತೂವರೆ.

ಆಡಲು ಕೂತರೆ ಇನ್ವೆಂಟರಿಯ, ಅಂದರೆ ನನ್ನ ಹತ್ತಿರ ಇರುವ ವಸ್ತುಗಳ ಪಟ್ಟಿಯ, ಅಕ್ಷರ ಓದಲು ಆಗುತ್ತಿಲ್ಲ. ಕತ್ತಿಯ ಡ್ಯಾಮೇಜ್ 38 ಇದೆಯೋ 88 ಇದೆಯೋ ತಿಳಿಯಲು ಸ್ಕ್ರೀನನ್ನು ಮೂಗಿಗೆ ತಾಗಿಸಬೇಕು. ಗೇಮಿನ ಸಂತೆ ಬೀದಿಗೆ ಕಾಲಿಟ್ಟರೆ ಫ್ರೇಮ್‌ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಕುಂಟುತ್ತದೆ. ವಾಪಸ್ ಹೋಗಿ ಅದೇ ವಿಮರ್ಶೆಗಳನ್ನು ಮತ್ತೆ ತೆಗೆದು ನೋಡಿದೆ. ಒಬ್ಬರು ಮಾತ್ರ ಕೊನೆಯ ಪ್ಯಾರಾದಲ್ಲಿ 'ಹ್ಯಾಂಡ್‌ಹೆಲ್ಡ್ ಮೋಡ್‌ನಲ್ಲೂ ಚೆನ್ನಾಗಿ ಓಡುತ್ತದೆ' ಎಂದು ಬರೆದು ಕೈ ತೊಳೆದುಕೊಂಡಿದ್ದಾರೆ. ಉಳಿದವರಿಗೆ ಆ ವಿಷಯದ ನೆನಪೇ ಇಲ್ಲ.

ಇವರೆಲ್ಲ ದೊಡ್ಡ ಟಿವಿಯಲ್ಲಿ ಆಡಿ ಕೊಟ್ಟ ಅಂಕ ತೆಗೆದುಕೊಂಡು ನಾನೇನು ಮಾಡಲಿ? ನೀವು ಯಾರ ವಿಮರ್ಶೆ ನಂಬುತ್ತೀರಿ? ಅಥವಾ, ನಂಬುತ್ತೀರಾ?

ಬ್ಯಾಟರಿ_ಲೋ
ನಂಬುವುದಿಲ್ಲ. ಮುಂದಿನ ಪ್ರಶ್ನೆ.

ಕಾರ್ಟ್ರಿಜ್_ಕಿಟ್ಟಿ
ಮೊದಲು ಹೀಗಿರಲಿಲ್ಲ. ಕೈಯಲ್ಲಿ ಹಿಡಿದೇ ಆಡುವ ಗೇಮ್‌ಬಾಯ್ ಅಡ್ವಾನ್ಸ್ 2001ರಲ್ಲಿ ಬಂದಾಗ ಅದರ ಸ್ಕ್ರೀನಿಗೆ ಬೆಳಕೇ ಇರಲಿಲ್ಲ. ಕಿಟಕಿ ಪಕ್ಕ ಕೂತೇ ಆಡಬೇಕಿತ್ತು. ಅದರ ಜೊತೆಗೇ ಬಂದ 'ಕ್ಯಾಸಲ್ವೇನಿಯಾ: ಸರ್ಕಲ್ ಆಫ್ ದಿ ಮೂನ್' ಪೂರ್ತಿ ಕತ್ತಲೆ ಕೋಟೆಯ ಗೇಮ್. ಕಪ್ಪು ಗೋಡೆ, ಅದರ ಮುಂದೆ ಕಪ್ಪು ಬಾವಲಿ. ಆಗಿನ ವಿಮರ್ಶಕರು 'ಗೇಮ್ ಅದ್ಭುತ, ಆದರೆ ಈ ಸ್ಕ್ರೀನಿನಲ್ಲಿ ಏನೂ ಕಾಣುವುದಿಲ್ಲ' ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಯಾಕೆಂದರೆ ಅವರಿಗೂ ಬೇರೆ ಸ್ಕ್ರೀನ್ ಇರಲಿಲ್ಲ. ನಮ್ಮ ಕಷ್ಟ ಅವರ ಕಷ್ಟವೂ ಆಗಿತ್ತು.

ಈಗ ಹ್ಯಾಂಡ್‌ಹೆಲ್ಡ್ ಅನ್ನುವುದು ಪ್ರತ್ಯೇಕ ಯಂತ್ರವಲ್ಲ, ಒಂದು ಮೋಡ್ ಅಷ್ಟೇ. ಅಲ್ಲೇ ಬಂತು ನೋಡಿ ತೊಂದರೆ.

ನಿಧಾನ_ಗೇಮರ್
@ಕಾರ್ಟ್ರಿಜ್_ಕಿಟ್ಟಿ ಸರಿಯಾಗಿ ಹೇಳಿದಿರಿ. ನನ್ನ ಸಿಟ್ಟು ಇರುವುದೂ ಅದರ ಮೇಲೇ.

ಅಂದ ಹಾಗೆ ಆ ಕ್ಯಾಸಲ್ವೇನಿಯಾಗೆ ಕತ್ತಲೆಗಾಗಿ ಅಂಕ ಕಳೆದರಾ?

ಕಾರ್ಟ್ರಿಜ್_ಕಿಟ್ಟಿ
ಎಲ್ಲಿ ಕಳೆದರು! ಎಲ್ಲ ವಿಮರ್ಶೆಗಳನ್ನು ಸೇರಿಸಿ ನೂರಕ್ಕೆ ಇಷ್ಟು ಅಂತ ಅಂಕ ಹಾಕುವ ಮೆಟಾಕ್ರಿಟಿಕ್ ಸೈಟಿನಲ್ಲಿ ಇವತ್ತಿಗೂ 91. ಬೈದರು, ಬೈದು ಒಂಬತ್ತು ಕೊಟ್ಟರು. 2003ರಲ್ಲಿ ಬೆಳಕಿರುವ ಎಸ್‌ಪಿ ಮಾಡೆಲ್ ಬಂದ ಮೇಲೆ ನಾನು ಅದನ್ನು ಮತ್ತೆ ಆಡಿದೆ. ಗೋಡೆಯ ಮೇಲೆ ಕೆತ್ತನೆ ಇದೆ ಅಂತ ಗೊತ್ತಾಗಿದ್ದೇ ಆಗ.

ಜಾಯ್‌ಸ್ಟಿಕ್_ಜಗ್ಗ
ಎಲ್ಲರೂ ಸೇರಿ ವಿಮರ್ಶಕರ ಮೇಲೆ ಗೂಬೆ ಕೂರಿಸಬೇಡಿ. ಒಬ್ಬ ಮನುಷ್ಯ, ಒಂದು ವಾರ, ಎಂಬತ್ತು ಗಂಟೆಯ ಗೇಮ್. ಅದನ್ನು ಟಿವಿಯಲ್ಲಿ ಒಮ್ಮೆ, ಕೈಯಲ್ಲಿ ಒಮ್ಮೆ ಆಡು ಎಂದರೆ ಅವನು ಮಲಗುವುದು ಯಾವಾಗ?

ಇನ್ನೊಂದು ಮಾತು. ಸ್ವಿಚ್‌ನ ಸ್ವಂತ ಸ್ಕ್ರೀನ್ 720ಪಿ, ಡಾಕ್‌ಗೆ ಹಾಕಿದರೆ 1080ಪಿವರೆಗೆ ಹೋಗುತ್ತದೆ. ಕೈಯಲ್ಲಿದ್ದಾಗ ಬ್ಯಾಟರಿ ಉಳಿಸಲು ಚಿಪ್ ನಿಧಾನವಾಗಿ ಓಡುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿದ್ದೂ ದೊಡ್ಡ ಆರ್‌ಪಿಜಿ ತೆಗೆದುಕೊಂಡು ಆಮೇಲೆ ವಿಮರ್ಶಕರನ್ನು ಬೈದರೆ ಹೇಗೆ ಗುರು?

ಪಿಕ್ಸೆಲ್_ಪಮ್ಮಿ
ಜಗ್ಗಣ್ಣ, ಅಕ್ಷರದ ಸೈಜಿಗೂ ಚಿಪ್ ಸ್ಪೀಡಿಗೂ ಏನು ಸಂಬಂಧ? ಹತ್ತು ನಿಮಿಷ ಡಾಕ್‌ನಿಂದ ತೆಗೆದು ಮೆನು ನೋಡಿದರೆ ಸಾಕಲ್ವಾ. ಎಂಬತ್ತು ಗಂಟೆ ಯಾರೂ ಕೇಳಲಿಲ್ಲ.

ಬರೆಯೋ_ಕೆಲಸ
ನಾನು ಒಂದು ಸಣ್ಣ ಸೈಟಿಗೆ ಕೆಲವು ವರ್ಷ ಗೇಮ್ ವಿಮರ್ಶೆ ಬರೆದಿದ್ದೇನೆ. ಒಳಗಿನ ಕಥೆ ಸ್ವಲ್ಪ ಹೇಳುತ್ತೇನೆ.

ಗೇಮ್ ಬಿಡುಗಡೆಗೆ ಮುಂಚೆ ಪಬ್ಲಿಷರ್ ಕಡೆಯಿಂದ ಒಂದು ಕೋಡ್ ಬರುತ್ತದೆ. ಯಾವ ಯಂತ್ರದ ಕೋಡ್ ಎಂದು ನಿರ್ಧರಿಸುವುದು ಅವರು. ನೀವು ಸ್ವಿಚ್ ಕೇಳಿದರೆ 'ಸದ್ಯಕ್ಕೆ ಪಿಸಿ ಇದೆ, ತೆಗೆದುಕೊಳ್ಳಿ' ಎನ್ನುತ್ತಾರೆ. ಜೊತೆಗೆ ಒಂದು ಎಂಬಾರ್ಗೋ ಪತ್ರ. ಇಂಥ ದಿನ, ಇಂಥ ಹೊತ್ತಿನ ತನಕ ಬಾಯಿ ಬಿಡುವಂತಿಲ್ಲ, ಈ ಅಧ್ಯಾಯದ ಮುಂದಿನ ಕಥೆ ಬರೆಯುವಂತಿಲ್ಲ, ಈ ದೃಶ್ಯದ ವಿಡಿಯೊ ಹಾಕುವಂತಿಲ್ಲ. ಕೊನೆಗೆ ಒಂದು ಸಾಲು ಇರುತ್ತದೆ: ಮೊದಲ ದಿನದ ಪ್ಯಾಚ್‌ನಲ್ಲಿ (ತಪ್ಪು ತಿದ್ದುವ ಅಪ್‌ಡೇಟ್) ಪರ್ಫಾರ್ಮೆನ್ಸ್ ಸರಿಹೋಗಲಿದೆ. ಈ ಸಾಲೇ ಮಹಾ ಮೋಸ. ಫ್ರೇಮ್ ಬೀಳುವುದು ಕಣ್ಣಿಗೆ ಕಾಣುತ್ತಿದೆ, ಬರೆಯೋಣ ಎಂದರೆ 'ನಾಳೆ ಸರಿಹೋದರೆ ನನ್ನ ವಿಮರ್ಶೆ ಸುಳ್ಳಾಗುತ್ತದಲ್ಲ' ಎಂಬ ಭಯ. ಹಾಗಾಗಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ವಾಕ್ಯ ಬರೆದು ಮುಂದೆ ಹೋಗುತ್ತೇವೆ. ಆ 'ಹ್ಯಾಂಡ್‌ಹೆಲ್ಡ್‌ನಲ್ಲೂ ಚೆನ್ನಾಗಿ ಓಡುತ್ತದೆ' ಹುಟ್ಟುವುದು ಹೀಗೆ.

ಪಮ್ಮಿ ಹೇಳಿದ್ದು ಸರಿ. ಹತ್ತು ನಿಮಿಷ ಸಾಕು. ಆದರೆ ಆ ಹತ್ತು ನಿಮಿಷ ನೋಡು ಎಂದು ಎಡಿಟರ್ ಯಾವತ್ತೂ ಕೇಳಲಿಲ್ಲ. ಎಡಿಟರ್ ಕೇಳುವುದು ಒಂದೇ, 'ನಂಬರ್ ಎಷ್ಟು ಕೊಡ್ತೀಯಾ?'

ರಾತ್ರಿ_ಗೂಬೆ
ಪಿಸಿ ಕೋಡ್ ಅಂದಾಗ ಸೈಬರ್‌ಪಂಕ್ 2077 ನೆನಪಾಗಲೇಬೇಕು. 2020ರ ಡಿಸೆಂಬರ್ 10ಕ್ಕೆ ಬಿಡುಗಡೆ. ಅದಕ್ಕೂ ಮುಂಚೆ ವಿಮರ್ಶಕರಿಗೆ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ, ಅದರಲ್ಲೂ ತಾವೇ ರೆಕಾರ್ಡ್ ಮಾಡಿದ ವಿಡಿಯೊ ತೋರಿಸುವಂತಿರಲಿಲ್ಲ. ಒಂಬತ್ತರ ಸುರಿಮಳೆ. ಜನ ಸೋನಿಯ ಪಿಎಸ್4 ಕನ್ಸೋಲ್‌ನಲ್ಲಿ ಹಾಕಿ ನೋಡಿದರೆ ಮುಖ ಇಲ್ಲದ ಜನ, ಗಾಳಿಯಲ್ಲಿ ತೇಲುವ ಕಾರು, ಪ್ರತಿ ಸಲ ಕ್ರ್ಯಾಶ್. ಒಂದು ವಾರದಲ್ಲಿ ಸೋನಿ ತನ್ನ ಅಂಗಡಿಯಿಂದಲೇ ತೆಗೆದುಹಾಕಿತು. ವಾಪಸ್ ಬಂದದ್ದು 2021ರ ಜೂನ್‌ನಲ್ಲಿ. ಮೆಟಾಕ್ರಿಟಿಕ್‌ನಲ್ಲಿ ಪಿಸಿಗೆ 86, ಪಿಎಸ್4ಗೆ 57. ಒಂದೇ ಹೆಸರು, ಒಂದೇ ಗೇಮ್, ಎರಡು ಜಗತ್ತು.

ಜಾಯ್‌ಸ್ಟಿಕ್_ಜಗ್ಗ
ಅದು ಪಬ್ಲಿಷರ್ ತಪ್ಪು, ವಿಮರ್ಶಕರದ್ದಲ್ಲ.

ರಾತ್ರಿ_ಗೂಬೆ
'ನಾನು ಕನ್ಸೋಲ್ ಆವೃತ್ತಿ ನೋಡಿಲ್ಲ' ಎಂದು ಮೇಲೆ ದಪ್ಪ ಅಕ್ಷರದಲ್ಲಿ ಹಾಕಲು ಯಾರು ಅಡ್ಡ ಬಂದಿದ್ದರು ಅಣ್ಣ?

ಜಾಯ್‌ಸ್ಟಿಕ್_ಜಗ್ಗ
ಕೆಲವರು ಹಾಕಿದ್ದರು. ಜನ ಓದಲಿಲ್ಲ. ಜನ ಓದುವುದು ನಂಬರ್ ಮಾತ್ರ, ಆಮೇಲೆ ನಂಬರ್ ಸರಿ ಇಲ್ಲ ಎಂದು ಅಳುತ್ತಾರೆ.

ಎರಡನೇ_ಪ್ಲೇಯರ್
ಜೂಮ್ ಆನ್ ಮಾಡಿದ್ದೀರಾ? ಸ್ವಿಚ್‌ನ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಜೂಮ್ ಅಂತ ಇದೆ. ಅದನ್ನು ಆನ್ ಮಾಡಿ, ಹೋಮ್ ಬಟನ್ ಎರಡು ಸಲ ಒತ್ತಿದರೆ ಯಾವ ಗೇಮಿನಲ್ಲಾದರೂ ಸ್ಕ್ರೀನ್ ದೊಡ್ಡದಾಗುತ್ತದೆ. 2019ರ ಒಂದು ಅಪ್‌ಡೇಟ್‌ನಲ್ಲಿ ಬಂತು. ಅಡ್ಡಾಡುವಾಗ ಕಷ್ಟ, ಮೆನು ಓದಲು ಧಾರಾಳ ಸಾಕು.

ನಿಧಾನ_ಗೇಮರ್
ಇದು ಗೊತ್ತೇ ಇರಲಿಲ್ಲ! ಈಗಷ್ಟೇ ನೋಡಿದೆ, ಕತ್ತಿ 38. ಥ್ಯಾಂಕ್ಸ್ ಅಣ್ಣ.

ಇಷ್ಟು ಉಪಯೋಗದ ಒಂದು ಸಾಲು ಅಷ್ಟು ವಿಮರ್ಶೆಗಳಲ್ಲಿ ಒಂದರಲ್ಲೂ ಇಲ್ಲ ನೋಡಿ.

ಬ್ಯಾಟರಿ_ಲೋ
38ಕ್ಕೆ ಆ ಕತ್ತಿ ಮಾರಿಬಿಡಿ.

ಲೆಕ್ಕದ_ಮೇಷ್ಟ್ರು
ನಂಬರ್ ವಿಷಯ ಬಂತಲ್ಲ, ನನಗೆ ಮಾತಾಡದೆ ಇರಲು ಆಗುವುದಿಲ್ಲ.

ಮೆಟಾಕ್ರಿಟಿಕ್ ಹೇಗೆ ಲೆಕ್ಕ ಹಾಕುತ್ತದೆ ಎಂದು ಎಷ್ಟು ಜನಕ್ಕೆ ಗೊತ್ತು? ಅದು ಸರಳ ಸರಾಸರಿ ಅಲ್ಲ. ಕೆಲವು ಪತ್ರಿಕೆಗಳಿಗೆ ತೂಕ ಜಾಸ್ತಿ, ಕೆಲವಕ್ಕೆ ಕಡಿಮೆ, ಆ ತೂಕ ಎಷ್ಟು ಎಂದು ಅವರು ಹೊರಗೆ ಹೇಳುವುದಿಲ್ಲ. ಅಕ್ಷರದ ಗ್ರೇಡ್ ಕೊಡುವವರ ಪಾಡು ಇನ್ನೂ ಮಜಾ. ಎ ಎಂದರೆ 100, ಎಫ್ ಎಂದರೆ 0, ನಡುವಿನದ್ದನ್ನು ಸಮನಾಗಿ ಹಂಚುತ್ತಾರೆ. ಬಿ ಮೈನಸ್ ಕೊಟ್ಟರೆ ಅದು 67 ಆಗುತ್ತದೆ. ಬಿ ಮೈನಸ್ ಕೊಟ್ಟವನ ಮನಸ್ಸಿನಲ್ಲಿ 'ಪರವಾಗಿಲ್ಲ, ಆಡಬಹುದು' ಅಂತ ಇರುತ್ತದೆ. ಗೇಮ್ ಲೋಕದಲ್ಲಿ 67 ಅಂದರೆ ಮುಟ್ಟಬೇಡಿ ಅಂತ.

ಬಣ್ಣದ ಕಥೆಯೂ ಹಾಗೇ. ಸಿನಿಮಾಕ್ಕೆ 61 ಬಂದರೆ ಹಸಿರು. ಗೇಮಿಗೆ ಹಸಿರು ಬೇಕಾದರೆ 75 ಬೇಕು. ಅಂದರೆ ನಾವು ಹತ್ತರಲ್ಲಿ ಏಳನ್ನು ಫೇಲ್ ಮಾಡಿಬಿಟ್ಟಿದ್ದೇವೆ. ಒಂದರಿಂದ ಆರರ ತನಕದ ಅಂಕಗಳು ಸುಮ್ನೆ ಕೂತಿವೆ, ಅವಕ್ಕೆ ಕೆಲಸವೇ ಇಲ್ಲ.

ಪಿಕ್ಸೆಲ್_ಪಮ್ಮಿ
ಆ ನಂಬರಿನಿಂದ ಹೊಟ್ಟೆ ಮೇಲೆ ಹೊಡೆಸಿಕೊಂಡವರೂ ಇದ್ದಾರೆ ಮೇಷ್ಟ್ರೇ. 2010ರ 'ಫಾಲ್‌ಔಟ್: ನ್ಯೂ ವೆಗಾಸ್' ಮಾಡಿದ ಅಬ್ಸಿಡಿಯನ್ ಕಂಪನಿಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಅಂತ ಒಪ್ಪಂದ ಇತ್ತು. ಬಂದದ್ದು 84. ಆಮೇಲೆ ಆ ಕಂಪನಿಯ ಕ್ರಿಸ್ ಅವೆಲೋನ್ ಅವರೇ ಇದನ್ನು ಹೊರಗೆ ಹೇಳಿದರು. ಒಂದೇ ಒಂದು ಅಂಕ! ಯಾರೋ ಒಬ್ಬ ವಿಮರ್ಶಕನಿಗೆ ಆ ದಿನ ತಲೆನೋವು ಇದ್ದಿದ್ದರೂ ಸಾಕು.

ಜಾಯ್‌ಸ್ಟಿಕ್_ಜಗ್ಗ
ಅದು ಬಗ್‌ಗಳ ಗೂಡಾಗಿತ್ತು ಅಕ್ಕಾ. ಬಿಡುಗಡೆಯ ದಿನ ಆಡಿದವರಿಗೆ ಗೊತ್ತು. 84 ಧಾರಾಳವೇ.

ಪಿಕ್ಸೆಲ್_ಪಮ್ಮಿ
ಬಗ್ ಇತ್ತು, ಇಲ್ಲ ಅಂದೆನಾ? ಬೋನಸ್ಸನ್ನು ಅಂಥ ನಂಬರಿಗೆ ಕಟ್ಟಿದ್ದು ತಪ್ಪು ಅಂದೆ.

ಕಾರ್ಟ್ರಿಜ್_ಕಿಟ್ಟಿ
ಜಪಾನಿನ ಫ್ಯಾಮಿತ್ಸು ಪತ್ರಿಕೆಯ ಪದ್ಧತಿ ನನಗೆ ಇಷ್ಟ. ನಾಲ್ಕು ಜನ, ತಲಾ ಹತ್ತು ಅಂಕ, ಒಟ್ಟು 40. ಒಬ್ಬನಿಗೆ ಹಿಡಿಸದಿದ್ದರೆ ಅದು ಎದ್ದು ಕಾಣುತ್ತದೆ. 9, 9, 8, 5 ಅಂತ ಬಂದರೆ ಆ ಐದು ಕೊಟ್ಟವನ ಮಾತನ್ನೇ ಮೊದಲು ಓದಬೇಕು. ಪತ್ರಿಕೆ 1986ರಲ್ಲಿ ಶುರುವಾದರೂ ಮೊದಲ 40 ಬಂದದ್ದು 1998ರಲ್ಲಿ, ಜೆಲ್ಡಾ ಸರಣಿಯ 'ಆಕರಿನಾ ಆಫ್ ಟೈಮ್'ಗೆ.

ಬ್ಯಾಟರಿ_ಲೋ
2005ರಲ್ಲಿ ಅದೇ ಫ್ಯಾಮಿತ್ಸು ನಿಂಟೆಂಡಾಗ್ಸ್‌ಗೆ 40 ಕೊಟ್ಟಿತು. ನಾಯಿಮರಿ ಸಾಕುವ ಗೇಮಿಗೆ. ಅಲ್ಲಿಗೆ ನನ್ನ ನಂಬಿಕೆ ಮುಗಿಯಿತು.

ಎರಡನೇ_ಪ್ಲೇಯರ್
ನಿಂಟೆಂಡಾಗ್ಸ್ ಬಗ್ಗೆ ಏನಾದರೂ ಅಂದರೆ ನೋಡಿ ಮತ್ತೆ. ಕೈಯಲ್ಲಿ ಹಿಡಿಯುವ ನಿಂಟೆಂಡೊ ಡಿಎಸ್‌ನ ಮೈಕ್‌ನಲ್ಲಿ ಹೆಸರು ಕೂಗಿದರೆ ನಾಯಿ ಓಡಿ ಬರುತ್ತಿತ್ತು. ಸ್ಟೈಲಸ್‌ನಲ್ಲಿ ತಲೆ ಸವರಬಹುದಿತ್ತು. ಅದನ್ನು ಟಿವಿಯಲ್ಲಿ ಆಡಲು ಆಗುತ್ತಾ? ಕೈಯಲ್ಲಿ ಹಿಡಿಯುವ ಯಂತ್ರ ಯಾಕೆ ಬೇಕು ಎಂಬ ಪ್ರಶ್ನೆಗೆ ಅಷ್ಟು ನೇರ ಉತ್ತರ ಕೊಟ್ಟ ಗೇಮ್ ಇನ್ನೊಂದಿಲ್ಲ. 40 ಸರಿಯಾಗೇ ಕೊಟ್ಟಿದ್ದಾರೆ.

ಬ್ಯಾಟರಿ_ಲೋ
ನಾಯಿ ಓಡಿ ಬರುತ್ತಿತ್ತು. ಆಮೇಲೆ?

ಎರಡನೇ_ಪ್ಲೇಯರ್
ಆಮೇಲೆ ಸ್ನಾನ ಮಾಡಿಸಬಹುದಿತ್ತು.

ಬ್ಯಾಟರಿ_ಲೋ
ನಲವತ್ತಕ್ಕೆ ನಲವತ್ತು!!

ಬೇಟೆಗಾರ_ಬಸ್ಯಾ
ವಿಷಯಕ್ಕೆ ಬರೋಣ. ವಿಮರ್ಶಕರಿಗೆ ಹ್ಯಾಂಡ್‌ಹೆಲ್ಡ್ ಅರ್ಥವಾಗುವುದಿಲ್ಲ ಎಂಬುದಕ್ಕೆ ಸೋನಿಯ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿಯ ಮಾನ್‌ಸ್ಟರ್ ಹಂಟರ್‌ಗಿಂತ ದೊಡ್ಡ ಸಾಕ್ಷಿ ಬೇಡ.

ಪಿಎಸ್‌ಪಿಗೆ ಇದ್ದದ್ದು ಓಡಾಡಲು ಒಂದೇ ಅನಲಾಗ್ ನಬ್ (ಹೆಬ್ಬೆರಳಿನಿಂದ ಸರಿಸುವ ಗುಂಡಿ), ಅದೂ ಎಡಗಡೆ. ಕ್ಯಾಮೆರಾ ತಿರುಗಿಸಲು ಡಿ-ಪ್ಯಾಡ್ (ನಾಲ್ಕು ದಿಕ್ಕಿನ ಬಟನ್) ಒತ್ತಬೇಕು, ಅದೂ ಎಡಗಡೆಯೇ. ಹಾಗಾಗಿ ಹೆಬ್ಬೆರಳು ನಬ್ ಮೇಲೆ, ತೋರುಬೆರಳನ್ನು ಕೊಕ್ಕೆ ತರಹ ಬಗ್ಗಿಸಿ ಡಿ-ಪ್ಯಾಡ್ ಮೇಲೆ. ಎಲ್ಲರೂ ಇದಕ್ಕೆ ಕ್ಲಾ ಅನ್ನುತ್ತಿದ್ದರು. ಅರ್ಧ ಗಂಟೆ ಆಡಿದರೆ ತೋರುಬೆರಳಿನ ಗೆಣ್ಣು ಹಿಡಿದುಕೊಳ್ಳುತ್ತಿತ್ತು. ಪಶ್ಚಿಮದ ವಿಮರ್ಶಕರು ಇದನ್ನೇ ಎತ್ತಿಕೊಂಡು ಕ್ಯಾಮೆರಾ ಕೆಟ್ಟದ್ದು, ಗೇಮ್ ನಿಧಾನ, ಅದನ್ನೇ ಮತ್ತೆ ಮತ್ತೆ ಮಾಡಿಸುತ್ತದೆ ಎಂದು ಬರೆದರು. ಬರೆದದ್ದರಲ್ಲಿ ಒಂದೂ ಸುಳ್ಳಲ್ಲ.

ಆದರೆ ಜಪಾನಿನಲ್ಲಿ 2010ರಲ್ಲಿ ಬಂದ 'ಮಾನ್‌ಸ್ಟರ್ ಹಂಟರ್ ಪೋರ್ಟಬಲ್ ಥರ್ಡ್' 40 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಯಾಕೆ? ನಾಲ್ಕು ಜನ ನಾಲ್ಕು ಪಿಎಸ್‌ಪಿ ಹಿಡಿದು ಒಂದೇ ಕಡೆ ಕೂತು ಆಡುವ ಗೇಮ್ ಅದು. ಒಬ್ಬ ಬಾಲ ಕಡಿಯಬೇಕು, ಒಬ್ಬ ಬಲೆ ಹಾಕಬೇಕು, ಒಬ್ಬ ಸಾಯುತ್ತಲೇ ಇರಬೇಕು, ಅವನನ್ನು ಉಳಿದವರು ಬೈಯಬೇಕು. ಒಬ್ಬ ವಿಮರ್ಶಕ ಆಫೀಸಿನಲ್ಲಿ ಒಬ್ಬನೇ ಕೂತು ಆಡಿದರೆ ಇದು ಹೇಗೆ ಕಾಣಬೇಕು? ಅವನು ಅಂಕ ಕೊಟ್ಟದ್ದು ಅರ್ಧ ಗೇಮಿಗೆ.

ಬರೆಯೋ_ಕೆಲಸ
@ಬೇಟೆಗಾರ_ಬಸ್ಯಾ ಇದು ಒಪ್ಪತಕ್ಕ ಮಾತು. ಬಿಡುಗಡೆಗೆ ಮುಂಚೆ ಮಲ್ಟಿಪ್ಲೇಯರ್ ನೋಡುವುದು ಇವತ್ತಿಗೂ ತಲೆನೋವೇ. ಜೊತೆಗೆ ಆಡಲು ಜನರೇ ಇರುವುದಿಲ್ಲ. ನಾನು ಒಂದು ಸಲ ಎರಡು ಯಂತ್ರ ಇಟ್ಟುಕೊಂಡು ಎರಡೂ ಕಡೆ ನಾನೇ ಆಡಿ ಬರೆದಿದ್ದೇನೆ.

ಜಾಯ್‌ಸ್ಟಿಕ್_ಜಗ್ಗ
ಯಾರು ಗೆದ್ದರು?

ಬರೆಯೋ_ಕೆಲಸ
ಎಡಗೈ.

ಹಳೇ_ಕನ್ಸೋಲ್
ಉಲ್ಟಾ ಉದಾಹರಣೆಯೂ ಇದೆ. ಮನೆ ಕನ್ಸೋಲಿಗಿಂತ ಕೈಯಲ್ಲಿರುವುದೇ ಚೆನ್ನಾಗಿರುವುದು. ನಿಂಟೆಂಡೊ 64ರ ಆಕರಿನಾದಲ್ಲಿ ವಾಟರ್ ಟೆಂಪಲ್ ಆಡಿದವರು ಕೈ ಎತ್ತಿ. ನೀರಿನಲ್ಲಿ ಮುಳುಗಲು ಕಬ್ಬಿಣದ ಬೂಟು ಹಾಕಬೇಕು, ತೇಲಲು ಬಿಚ್ಚಬೇಕು. ಪ್ರತಿ ಸಲ ಗೇಮ್ ನಿಲ್ಲಿಸಿ, ಮೆನು ತೆರೆದು, ಪುಟ ತಿರುಗಿಸಿ, ಬೂಟು ಆರಿಸಿ, ವಾಪಸ್ ಬರಬೇಕು. ಎರಡು ಹೆಜ್ಜೆ ನಡೆದು ಮತ್ತೆ ಅದೇ. 2011ರಲ್ಲಿ ಕೈಯಲ್ಲಿ ಹಿಡಿಯುವ 3ಡಿಎಸ್‌ಗೆ ಬಂದಾಗ ಆ ಬೂಟು ಕೆಳಗಿನ ಟಚ್‌ಸ್ಕ್ರೀನಿನಲ್ಲಿ ಕೂತಿತು. ಒಂದು ಸಲ ಮುಟ್ಟಿದರೆ ಮುಗಿಯಿತು. ಫ್ರೇಮ್ ಕೂಡ ಸೆಕೆಂಡಿಗೆ 20 ಇದ್ದದ್ದು 30 ಆಯಿತು.

ಈಗ ಅಂಕ ನೋಡಿ. ಹಳೆಯದಕ್ಕೆ 99, 3ಡಿಎಸ್‌ನದ್ದಕ್ಕೆ 94. ಆಡಲು ಸಲೀಸಾದದ್ದಕ್ಕೆ ಐದು ಕಡಿಮೆ!

ಲೆಕ್ಕದ_ಮೇಷ್ಟ್ರು
ಅದು ಹೋಲಿಸುವಂಥದ್ದಲ್ಲ ಸಾರ್. 1998ರಲ್ಲಿ ಅಂಥದ್ದನ್ನು ಯಾರೂ ನೋಡಿರಲಿಲ್ಲ, 2011ರಲ್ಲಿ ಎಲ್ಲರೂ ನೋಡಿ ಮುಗಿಸಿದ್ದರು. ಅಂಕ ಸಿಗುವುದು ಗೇಮಿಗೆ ಮಾತ್ರ ಅಲ್ಲ, ಆ ವರ್ಷಕ್ಕೂ ಸೇರಿಸಿ. ಅದಕ್ಕೇ ನಾನು ಹಳೆಯ ಅಂಕವನ್ನು ಹೊಸದರ ಪಕ್ಕ ಇಡುವುದಿಲ್ಲ.

ರಾತ್ರಿ_ಗೂಬೆ
ಒಂದು ಸಲ ಬಿದ್ದ ಅಂಕ ಅಲ್ಲೇ ಕಲ್ಲಾಗುತ್ತದೆ, ಅದೂ ತೊಂದರೆಯೇ. 'ನೋ ಮ್ಯಾನ್ಸ್ ಸ್ಕೈ' 2016ರಲ್ಲಿ ಪಿಎಸ್4ಗೆ ಬಂದಾಗ 71. ಆಮೇಲೆ ವರ್ಷಗಟ್ಟಲೆ ಉಚಿತ ಅಪ್‌ಡೇಟ್ ಕೊಟ್ಟು ಗೇಮನ್ನೇ ಬದಲಾಯಿಸಿದರು. ಆ ಪುಟದಲ್ಲಿ 71 ಹಾಗೇ ಕೂತಿದೆ.

ಸುಮ್ನೆ_ಓದೋಳು
ಇಷ್ಟು ದಿನ ಓದಿ ಸುಮ್ಮನಿದ್ದವಳು, ಇವತ್ತು ಬರೆಯುತ್ತಿದ್ದೇನೆ. ವಿಮರ್ಶಕರನ್ನು ಬೈಯುವ ಮುಂಚೆ ಓದುಗರು ಏನು ಮಾಡಿದ್ದಾರೆ ಅದನ್ನೂ ನೋಡಿ. 2006ರಲ್ಲಿ ಗೇಮ್‌ಸ್ಪಾಟ್ ಸೈಟಿನ ವಿಮರ್ಶಕ ಜೆಫ್ ಗರ್ಸ್ಟ್‌ಮನ್ ಜೆಲ್ಡಾ ಸರಣಿಯ 'ಟ್ವೈಲೈಟ್ ಪ್ರಿನ್ಸೆಸ್'ಗೆ 8.8 ಕೊಟ್ಟರು ಎಂದು ಜನ ಹಾರಾಡಿದರು. 8.8 ಕಡಿಮೆಯಂತೆ! ಮರುವರ್ಷ ಅದೇ ಮನುಷ್ಯ 'ಕೇನ್ ಅಂಡ್ ಲಿಂಚ್'ಗೆ 6 ಕೊಟ್ಟರು. ಆ ಸೈಟಿನ ತುಂಬ ಅದೇ ಗೇಮಿನ ಜಾಹೀರಾತು ಇತ್ತು. ಕೆಲಸವೇ ಹೋಯಿತು. 2012ರಲ್ಲಿ ಅವರೇ ಈ ಕಥೆ ಬಾಯಿಬಿಟ್ಟು ಹೇಳಿದರು. 2017ರಲ್ಲಿ ಅದೇ ಜೆಲ್ಡಾದ 'ಬ್ರೆತ್ ಆಫ್ ದಿ ವೈಲ್ಡ್'ಗೆ ಒಬ್ಬರು 7 ಕೊಟ್ಟಾಗ ಅವರ ಸೈಟಿನ ಮೇಲೆ ದಾಳಿ ಮಾಡಿ ಬೀಳಿಸಿದರು.

ಮೇಲಿನವರು ಜಾಹೀರಾತು ತೋರಿಸಿ ಹೆದರಿಸುತ್ತಾರೆ, ಕೆಳಗಿನವರು ಬೈದು ಹೆದರಿಸುತ್ತಾರೆ. ಹಾಗಿರುವಾಗ ಒಂಬತ್ತು ಕೊಟ್ಟು ಮನೆಗೆ ಹೋಗುವುದೇ ಸುಲಭ ಅಲ್ವಾ?

ಬರೆಯೋ_ಕೆಲಸ
ಅಷ್ಟೇ ಸತ್ಯ. ಎಂಟೂವರೆ ಕೊಟ್ಟರೆ ಯಾರೂ ಪತ್ರ ಬರೆಯುವುದಿಲ್ಲ.

ಜಾಯ್‌ಸ್ಟಿಕ್_ಜಗ್ಗ
ಸುಮ್ನೆ_ಓದೋಳು ಅವರೇ, ದಿನಾ ಬರೆಯಿರಿ ದಯವಿಟ್ಟು.

ಪಿಕ್ಸೆಲ್_ಪಮ್ಮಿ
ಐಜಿಎನ್ ಸೈಟಿನ 7.8 ಬಿಟ್ಟುಬಿಟ್ಟಿರಿ! 2014ರ 3ಡಿಎಸ್ ಪೊಕೆಮಾನ್ ರೀಮೇಕ್‌ಗಳಿಗೆ ಕೊರತೆಗಳ ಪಟ್ಟಿಯಲ್ಲಿ 'ಟೂ ಮಚ್ ವಾಟರ್', ಅಂದರೆ ನೀರು ಜಾಸ್ತಿ ಎಂದು ಬರೆದರು. ಇಡೀ ಇಂಟರ್ನೆಟ್ ನಕ್ಕಿತು. ನಾನು ನಗಲಿಲ್ಲ, ಯಾಕೆಂದರೆ ಅದು ನಿಜ. ಆ ನಕ್ಷೆಯ ಅರ್ಧ ಸಮುದ್ರ. ನೀರಿನ ಮೇಲೆ ಸರ್ಫ್ ಮಾಡುತ್ತಾ ಸ್ವಲ್ಪ ದೂರ ಹೋದರೆ ಟೆಂಟಕೂಲ್ ಅನ್ನುವ ಪೊಕೆಮಾನ್ ಎದುರು, ಮತ್ತೆ ಸ್ವಲ್ಪ ದೂರಕ್ಕೆ ಇನ್ನೊಂದು ಟೆಂಟಕೂಲ್. ಮೂರೇ ಪದದಲ್ಲಿ ಬರೆದದ್ದು ಅವರ ಕರ್ಮ, ಹೇಳಿದ್ದರಲ್ಲಿ ತಪ್ಪಿಲ್ಲ.

ಬೇಟೆಗಾರ_ಬಸ್ಯಾ
ಪೊಕೆಮಾನ್‌ಗೆ ವಿಮರ್ಶೆ ಬರೆದು ಏನು ಪ್ರಯೋಜನ? 2022ರ ಸ್ಕಾರ್ಲೆಟ್, ವಯೊಲೆಟ್ ಎರಡಕ್ಕೂ ಫ್ರೇಮ್‌ರೇಟ್ ಕೆಟ್ಟಿದೆ, ಜನ ನೆಲದೊಳಗೆ ಹೋಗುತ್ತಾರೆ ಎಂದು ಎಲ್ಲರೂ ಬರೆದರು. ಅಂಕ 70ರ ಆಸುಪಾಸು. ಮೂರು ದಿನಕ್ಕೆ ಒಂದು ಕೋಟಿ ಮಾರಾಟ.

ಅದೇ ಡಿಎಸ್‌ನ 'ಜಿಟಿಎ: ಚೈನಾಟೌನ್ ವಾರ್ಸ್'ಗೆ 2009ರಲ್ಲಿ 93 ಬಂತು. ಮಾರಾಟ ಶುರುವಿನಲ್ಲಿ ನೆಲ ಕಚ್ಚಿತು.

ಹಳೇ_ಕನ್ಸೋಲ್
ಚೈನಾಟೌನ್ ವಾರ್ಸ್‌ನಲ್ಲಿ ಕಾರು ಕದಿಯುವಾಗ ಸ್ಟೈಲಸ್‌ನಲ್ಲಿ ಸ್ಕ್ರೂ ಬಿಚ್ಚಿ ವೈರ್ ಸುತ್ತಬೇಕಿತ್ತು! ಎಂಥ ಗೇಮ್.

ನಿಧಾನ_ಗೇಮರ್
ಸರಿ, ನನ್ನ ಪ್ರಶ್ನೆಯ ಇನ್ನೊಂದು ಅರ್ಧ ಹಾಗೇ ಉಳಿದಿದೆ. ಹಾಗಾದರೆ ನೀವು ನೋಡುವುದು ಯಾರನ್ನು?

ಲೆಕ್ಕದ_ಮೇಷ್ಟ್ರು
ಯೂರೋಗೇಮರ್ ಸೈಟು. 2015ರಲ್ಲಿ ಅಂಕವನ್ನೇ ಬಿಟ್ಟರು, ಬರಹ ಸುಧಾರಿಸಿತು. 2023ರಲ್ಲಿ ಐದು ಸ್ಟಾರ್ ತಂದರು, ನನಗೆ ಬೇಸರವಾಯಿತು. ಈಗಲೂ ಓದುತ್ತೇನೆ, ಸ್ಟಾರ್ ಇರುವ ಜಾಗಕ್ಕೆ ಕೈ ಅಡ್ಡ ಇಟ್ಟುಕೊಂಡು.

ಪಿಕ್ಸೆಲ್_ಪಮ್ಮಿ
ಕಂಪನಿ ನೋಡಬೇಡಿ, ಮನುಷ್ಯರನ್ನು ನೋಡಿ. 2010ರ 'ಡೆಡ್ಲಿ ಪ್ರೆಮೊನಿಷನ್'ಗೆ ಐಜಿಎನ್ ಹತ್ತಕ್ಕೆ 2 ಕೊಟ್ಟಿತು, ಡಿಸ್ಟ್ರಕ್ಟಾಯ್ಡ್ ಅನ್ನುವ ಇನ್ನೊಂದು ಸೈಟು ಹತ್ತಕ್ಕೆ ಹತ್ತು. ಅಷ್ಟು ದೂರದ ಅಭಿಪ್ರಾಯಕ್ಕೆ ಗಿನ್ನೆಸ್ ದಾಖಲೆಯೂ ಆಯಿತು. ಎರಡೂ ವಿಮರ್ಶೆ ಓದಿ ನೋಡಿ, ಇಬ್ಬರೂ ಹೇಳುವುದು ಒಂದೇ ಗೇಮಿನ ಬಗ್ಗೆ. ಗ್ರಾಫಿಕ್ಸ್ ಹಳೆಯದು, ಕಾರು ಓಡಿಸುವುದು ಹಿಂಸೆ, ಪಾತ್ರಗಳು ವಿಚಿತ್ರ. ಒಬ್ಬನಿಗೆ ಆ ವಿಚಿತ್ರ ಬೇಡ, ಇನ್ನೊಬ್ಬನಿಗೆ ಅದೇ ಬೇಕು. ನಿಮಗೆ ಯಾವುದು ಬೇಕು ಅಂತ ಗೊತ್ತಿದ್ದರೆ ಆ ಎರಡರಲ್ಲಿ ಯಾವುದನ್ನು ಓದಿದರೂ ಉತ್ತರ ಸಿಗುತ್ತದೆ. ನಾನು ಹಿಡಿದುಕೊಂಡಿರುವುದು ಇಬ್ಬರನ್ನೇ. ಒಬ್ಬರ ರುಚಿ ನನ್ನದೇ, ಇನ್ನೊಬ್ಬರದ್ದು ಪೂರ್ತಿ ಉಲ್ಟಾ. ಆ ಎರಡನೆಯವರು ಬೈದರೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೇನೆ.

ರಾತ್ರಿ_ಗೂಬೆ
ಕೈಯಲ್ಲಿ ಆಡುವವರಿಗೆ ವಿಮರ್ಶೆಗಿಂತ ಟೆಕ್ ವಿಡಿಯೊ ಮೇಲು. ಡಿಜಿಟಲ್ ಫೌಂಡ್ರಿಯವರು ಡಾಕ್, ಹ್ಯಾಂಡ್‌ಹೆಲ್ಡ್ ಎರಡನ್ನೂ ಪಕ್ಕಪಕ್ಕ ಇಟ್ಟು ಫ್ರೇಮ್ ಎಣಿಸುತ್ತಾರೆ. ಕಥೆ ಚೆನ್ನಾಗಿದೆಯಾ ಅಂತ ಅಲ್ಲಿ ಕೇಳಬೇಡಿ ಅಷ್ಟೇ.

ಜಾಯ್‌ಸ್ಟಿಕ್_ಜಗ್ಗ
ಅವರೂ ಅಕ್ಷರದ ಸೈಜ್ ಅಳೆಯುವುದಿಲ್ಲ ಗುರು.

ನಿಧಾನ_ಗೇಮರ್
ಹಾಗಾದರೆ ಒಂದು ಕೆಲಸ ಮಾಡೋಣವಾ? ಹ್ಯಾಂಡ್‌ಹೆಲ್ಡ್‌ನಲ್ಲಿ ಆಡಿದವರು ಮೂರು ವಿಷಯ ಮಾತ್ರ ಬರೆಯಲಿ. ಅಕ್ಷರ ಓದಲು ಆಗುತ್ತಾ, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಆಟದ ಮಧ್ಯೆ ಸ್ಲೀಪ್‌ಗೆ ಹಾಕಿ ತೆಗೆದರೆ ಏನಾದರೂ ಕೆಡುತ್ತಾ. ಅಂಕ ಬೇಡ. ಬೇರೆ ಚರ್ಚೆ ತೆರೆಯುತ್ತೇನೆ.

ಸುಮ್ನೆ_ಓದೋಳು
ನಾಲ್ಕನೆಯದು ಸೇರಿಸಿ: ಬಣ್ಣ. ನನ್ನ ತಮ್ಮನಿಗೆ ಕೆಂಪು, ಹಸಿರು ಬೇರೆ ಬೇರೆ ಕಾಣುವುದಿಲ್ಲ. ಸಣ್ಣ ಸ್ಕ್ರೀನಿನಲ್ಲಿ ಶತ್ರು ಯಾರು, ಜೊತೆಗಾರ ಯಾರು ಅಂತ ನನ್ನನ್ನು ಕೇಳಿ ಕೇಳಿ ಗುಂಡು ಹೊಡೆಯುತ್ತಾನೆ.

ಬೇಟೆಗಾರ_ಬಸ್ಯಾ
ನಾನು ಮೊದಲು ಬರೆಯುತ್ತೇನೆ, ಲಿಂಕ್ ಹಾಕಿ. 'ಮಾನ್‌ಸ್ಟರ್ ಹಂಟರ್ ರೈಸ್'ನಿಂದ ಶುರು.

ಎರಡನೇ_ಪ್ಲೇಯರ್
ಹಳೆಯ ಡಿಎಸ್ ಗೇಮ್‌ಗಳನ್ನೂ ಹಾಕಬಹುದಾ?

ಬ್ಯಾಟರಿ_ಲೋ
ಬೇಡ. ಇವರು ಏನು ಹಾಕುತ್ತಾರೆ ಅಂತ ಎಲ್ಲರಿಗೂ ಗೊತ್ತು.